ಕಡಲು ಹಸಿರಾದರೆ ಸಾಕೆ?

ನೆಕ್ರಾಜೆಗೆ ಕಡಲಿನ ಸದ್ದು ಕೇಳಿಸುವುದಿಲ್ಲ. ಅಡಕೆ ತೋಟ, ಗೇರುಗುಡ್ಡೆ, ಮುರಕಲ್ಲಿನ ಗೋಡೆ, ಮಳೆಗಾಲದಲ್ಲಿ ಕೆಂಪಗೆ ಹರಿಯುವ ತೋಡು. ಕಾಸರಗೋಡು ತಾಲೂಕಿನ ಒಳನಾಡಿನ ಉಳಿದ ಊರುಗಳ ಹಾಗೆಯೇ ಅದೂ ಒಂದು. ಕಡಲು ಅಲ್ಲಿಗೆ ಬರುವುದು ಮೀನು ಮಾರುವವರ ಸ್ಕೂಟರಿನ ಪೆಟ್ಟಿಗೆಯಲ್ಲಿ, ಬೂತಾಯಿ, ಬಂಗುಡೆಗಳ ರೂಪದಲ್ಲಿ. ಹಾಗಿದ್ದೂ ಕಡಲಿನ ಪ್ಲಾಂಕ್ಟನ್ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ನಾವು ಉಸಿರಾಡುವ ಆಮ್ಲಜನಕದಲ್ಲಿ ಅರ್ಧ ಅದರದ್ದೇ ಅನ್ನುವುದು ನಿಜವೇ? ಬೂತಾಯಿ ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಕಣ್ಣಿಗೂ ಬೀಳದಿರಲು ಅದೇ ಕಾರಣವೇ? ಅಷ್ಟು ಉಪಕಾರಿಯಾದರೆ, ತೋಟಕ್ಕೆ ಹಾಕುವ ಹಾಗೆ ಕಡಲಿಗೂ ಗೊಬ್ಬರ ಹಾಕಿ ಬೆಳೆಸಬಾರದೇ? ಮೂರೂ ಪ್ರಶ್ನೆಗಳ ಹಿಂದೆ ಒಂದೇ ನಂಬಿಕೆ ಇದೆ: ಪ್ಲಾಂಕ್ಟನ್ ಅಂದರೆ ಕಡಲಿನ ಹುಲ್ಲು, ಹೆಚ್ಚಾದಷ್ಟೂ ಒಳ್ಳೆಯದು. ಈ ನಂಬಿಕೆಯೇ ತಪ್ಪು ಅನ್ನುವುದು ನನ್ನ ವಾದ. ಕಡಲಿನಲ್ಲಿ ಎಷ್ಟು ಹಸಿರು ಇದೆ ಅನ್ನುವುದಕ್ಕಿಂತ ಅದು ಯಾರ ಹಸಿರು ಅನ್ನುವುದು ದೊಡ್ಡ ಪ್ರಶ್ನೆ.

ಮೊದಲು ಹೆಸರಿನ ವಿಚಾರ. ಪ್ರವಾಹಕ್ಕೆ ಎದುರಾಗಿ ಈಜಲಾರದೆ ನೀರು ಒಯ್ದತ್ತ ಹೋಗುವ ಜೀವಿಗಳಿಗೆಲ್ಲ ಸೇರಿಸಿ 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸನ್ ಇಟ್ಟ ಹೆಸರು ಪ್ಲಾಂಕ್ಟನ್. ಗ್ರೀಕಿನಲ್ಲಿ ಅಲೆಮಾರಿ ಎಂದರ್ಥ. ನಮ್ಮ ಪಠ್ಯಪುಸ್ತಕಗಳು ಪ್ಲವಕ ಅನ್ನುತ್ತವೆ. ಅದು ಕುಲದ ಹೆಸರಲ್ಲ, ಬದುಕುವ ರೀತಿಯ ಹೆಸರು. ಹಾಗಾಗಿ ಅದರೊಳಗೆ ಯಾರು ಬೇಕಾದರೂ ಇರಬಹುದು: ಬ್ಯಾಕ್ಟೀರಿಯಾ, ಪಾಚಿ, ಸಿಗಡಿ ಏಡಿಗಳ ಮರಿ, ಮೀನಿನ ಮೊಟ್ಟೆ, ಕೊನೆಗೆ ಬಲೆ ಹರಿಯುವಷ್ಟು ಭಾರದ ಅಂಬಲಿಮೀನು ಕೂಡ. ಈ ಗುಂಪಿನಲ್ಲಿ ಬೆಳಕು ತಿಂದು ಬದುಕುವವರ ಪೈಕಿ ಅತಿ ಚಿಕ್ಕದಾದ ಪ್ರೋಕ್ಲೋರೋಕಾಕಸ್‌ನ ಗಾತ್ರ ಸುಮಾರು 0.6 ಮೈಕ್ರಾನ್. ತಲೆಕೂದಲಿನ ಅಡ್ಡಕ್ಕೆ ಸಾಲಾಗಿ ನೂರನ್ನು ನಿಲ್ಲಿಸಬಹುದು. ಭೂಮಿಯ ಮೇಲೆ ಸಂಖ್ಯೆಯಲ್ಲಿ ಅದನ್ನು ಮೀರಿಸುವ ದ್ಯುತಿಸಂಶ್ಲೇಷಕ ಜೀವಿ ಇಲ್ಲ, ಆದರೂ 1980ರ ದಶಕದ ತನಕ ಅದು ಇದೆಯೆಂದೇ ಯಾರಿಗೂ ತಿಳಿದಿರಲಿಲ್ಲ. ಅದರ ಎದುರು ಡಯಾಟಮ್ ಎಂಬ ಪಾಚಿ ಒಂದು ಆನೆ. ನಮ್ಮ ಕರಾವಳಿಯ ನೀರಿನಲ್ಲಿ ಸಿಗುವ ಕಾಸಿನೋಡಿಸ್ಕಸ್ ಎಂಬ ಡಯಾಟಮನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಕಾಣುವುದು ಒಂದು ಗಾಜಿನ ಡಬ್ಬಿ. ವೀಳ್ಯದ ಹರಿವಾಣದಲ್ಲಿರುವ ಸುಣ್ಣದ ಡಬ್ಬಿಯ ಹಾಗೆ ದುಂಡಗೆ, ತಳ ಮತ್ತು ಮುಚ್ಚಳ ಒಂದರೊಳಗೊಂದು ಕೂತಿರುತ್ತವೆ. ಮೈತುಂಬ ಜೇನುಗೂಡಿನಂಥ ತೂತುಗಳು. ಅದು ಎರಡಾಗಿ ಒಡೆಯುವಾಗ ಒಂದು ಮಗುವಿಗೆ ಮುಚ್ಚಳ, ಇನ್ನೊಂದಕ್ಕೆ ತಳ ಪಾಲಿಗೆ ಬರುತ್ತದೆ. ಎರಡೂ ತಮಗೆ ಸಿಕ್ಕಿದ್ದನ್ನೇ ಮುಚ್ಚಳ ಮಾಡಿಕೊಂಡು ಒಳಗಡೆಗೆ ಹೊಸ ತಳ ಕಟ್ಟಿಕೊಳ್ಳುತ್ತವೆ. ಹೀಗಾಗಿ ತಳ ಪಡೆದವರ ಸಂತಾನ ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತಾ ಹೋಗುತ್ತದೆ. ಇನ್ನು ಕುಗ್ಗಿದರೆ ಉಳಿಗಾಲವಿಲ್ಲ ಅನ್ನುವ ಹಂತದಲ್ಲಿ ಗಾಜನ್ನು ಕಳಚಿ, ಗಂಡು ಹೆಣ್ಣು ಕಣಗಳು ಕೂಡಿ, ಊದಿಕೊಂಡು, ಮತ್ತೆ ದೊಡ್ಡ ಡಬ್ಬಿಯಿಂದ ಸಂಸಾರ ಶುರು.

ಈ ಗಾಜು ಎಲ್ಲಿಂದ ಬಂತು ಅನ್ನುವಲ್ಲಿ ನೆಕ್ರಾಜೆಯ ಪಾತ್ರ ಬರುತ್ತದೆ. ಗಾಜು ಅಂದರೆ ಸಿಲಿಕಾ, ಸಿಲಿಕಾದ ಮೂಲ ಬಂಡೆ. ಮುರಕಲ್ಲು ಹುಟ್ಟುವ ಬಗೆಯನ್ನು ನೋಡಿ. ಮೂಲ ಬಂಡೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಲಿಕಾ ಇರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ, ಅದರ ಹಿಂದೆಯೇ ಬರುವ ಬಿಸಿಲು, ಹೀಗೆ ಲಕ್ಷಾಂತರ ವರ್ಷ ನಡೆದರೆ ಸಿಲಿಕಾ ಸ್ವಲ್ಪ ಸ್ವಲ್ಪವೇ ಕರಗಿ ನೀರಿನ ಜೊತೆ ಹೊರಟುಹೋಗುತ್ತದೆ. ಕರಗಲು ಒಪ್ಪದ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಲ್ಲೇ ಉಳಿದು ತುಕ್ಕಿನ ಬಣ್ಣದ ಕಲ್ಲಾಗುತ್ತವೆ. 1800ರ ಸುಮಾರಿಗೆ ಮಲಬಾರಿನಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಅಂಗಾಡಿಪುರದಲ್ಲಿ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ಕಂಡು ಲ್ಯಾಟರೈಟ್ ಎಂದು ಹೆಸರಿಟ್ಟ. ಅಂದರೆ ಕಾಸರಗೋಡಿನ ಮನೆಗೋಡೆಗಳಲ್ಲಿ ಕೂತಿರುವುದು ಬಂಡೆಯ ಅರ್ಧಭಾಗ ಮಾತ್ರ. ಉಳಿದರ್ಧ ಕಡಲಿಗೆ ಹೋಗಿದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಬೇಸಗೆಯಲ್ಲೂ ತೊಟ್ಟಿಕ್ಕುವ ತಿಳಿನೀರಿನಲ್ಲಿ ಅದು ಈಗಲೂ ಕಣ್ಣಿಗೆ ಕಾಣದೆ ಹೋಗುತ್ತಲೇ ಇದೆ. ಕೇರಳದ 44 ನದಿಗಳ ಪೈಕಿ 12 ಇರುವುದು ಕಾಸರಗೋಡು ಜಿಲ್ಲೆಯೊಂದರಲ್ಲೇ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಲ್ಲವೂ ಗುಡ್ಡದಿಂದ ಇಳಿದು ಬೇಗ ಬೇಗನೆ ಕಡಲು ಸೇರುವ ಹೊಳೆಗಳು. ಕಡಲಿನ ಗಾಜು ಮುಖ್ಯವಾಗಿ ಜಗತ್ತಿನ ಇಂಥ ಹೊಳೆಗಳ ಕೊಡುಗೆ. ಅದು ಕಡಲಿನಲ್ಲಿ ಮೇಲಕ್ಕೂ ಕೆಳಕ್ಕೂ ಎಷ್ಟೋ ಬಾರಿ ಸುತ್ತಿ, ಡಯಾಟಮ್‌ಗಳ ಮೈಯಾಗಿ, ಕರಗಿ, ಮತ್ತೆ ಮೈಯಾಗಿ, ಕೊನೆಗೊಂದು ದಿನ ತಳದ ಕೆಸರು ಸೇರುತ್ತದೆ. ಬೇರೆ ಪಾಚಿಗಳಿಗೆ ಸಾರಜನಕ, ರಂಜಕ, ಒಂಚೂರು ಕಬ್ಬಿಣ ಸಿಕ್ಕಿದರೆ ಸಂಸಾರ ಸಾಗುತ್ತದೆ. ಡಯಾಟಮ್‌ಗೆ ಇವೆಲ್ಲದರ ಜೊತೆ ಸಿಲಿಕಾವೂ ಬೇಕು, ಅದೂ ಸಾರಜನಕದ ಒಂದು ಪರಮಾಣುವಿಗೆ ಸಿಲಿಕಾನಿನದು ಸುಮಾರು ಒಂದರ ಲೆಕ್ಕದಲ್ಲಿ. ಈ ಒಂದು ಹೆಚ್ಚಿನ ಬೇಡಿಕೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಆಟಿ ತಿಂಗಳಿನಲ್ಲಿ ಕಡಲಿನ ಮೇಲ್ಮೈ ನೋಡಿದರೆ ಬರೀ ರೌದ್ರ. ಒಳಗೆ ನಡೆಯುವುದು ಬೇರೆಯೇ. ಮಳೆಗಾಲದ ಗಾಳಿ ಮತ್ತು ಆ ಕಾಲದ ಪ್ರವಾಹಗಳು ದಡದ ಮೇಲ್ನೀರನ್ನು ಆಚೆಗೆ ಸರಿಸುತ್ತವೆ, ಆ ಜಾಗಕ್ಕೆ ತಳದಿಂದ ತಣ್ಣನೆಯ ನೀರು ಏರಿ ಬರುತ್ತದೆ. ಕನ್ಯಾಕುಮಾರಿಯ ಕಡೆ ಮೇ ಜೂನ್‌ನಲ್ಲಿ ಆರಂಭವಾಗುವ ಈ ಏರಾಟ ನಿಧಾನಕ್ಕೆ ಬಡಗಕ್ಕೆ ಸಾಗಿ, ಜುಲೈ ಆಗಸ್ಟ್ ಹೊತ್ತಿಗೆ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಮೇಲಿನಿಂದ ಸತ್ತು ಬಿದ್ದ ಜೀವಿಗಳು ತಳದಲ್ಲಿ ಕೊಳೆತು ಗೊಬ್ಬರವಾಗಿರುವುದರಿಂದ ಆ ನೀರು ಸಾರಜನಕ, ರಂಜಕ, ಸಿಲಿಕಾ ಮೂರನ್ನೂ ಹೊತ್ತು ತರುತ್ತದೆ. ಮೂರೂ ಒಟ್ಟಿಗೆ ಸಿಕ್ಕಾಗ ಡಯಾಟಮ್‌ಗಳನ್ನು ಓಟದಲ್ಲಿ ಸೋಲಿಸುವವರು ಕಡಿಮೆ. ದಿನಕ್ಕೊಮ್ಮೆ ಇಮ್ಮಡಿಯಾದರೆ ಹತ್ತು ದಿನಕ್ಕೆ ಒಂದು ಸಾವಿರ ಆಗುತ್ತದೆ. ಆಲಪ್ಪುಳದಂಥ ಕಡೆಗಳಲ್ಲಿ ಮಲಯಾಳಿಗಳು ಚಾಕರ ಅನ್ನುವ ಕೆಸರುದಂಡೆಯ ಸಂಭ್ರಮವೂ ಮಳೆಗಾಲದ ಈ ಸಮೃದ್ಧಿಯ ಒಂದು ಮುಖ. ಆದರೆ ಏರಿ ಬರುವ ನೀರಿಗೆ ಇನ್ನೊಂದು ಗುಣವಿದೆ: ಅದರಲ್ಲಿ ಆಮ್ಲಜನಕ ಬಹಳ ಕಡಿಮೆ. ಅರಬ್ಬೀ ಕಡಲಿನ ಮಧ್ಯದ ಆಳದಲ್ಲಿ, ಸುಮಾರು 150 ಮೀಟರಿನಿಂದ ಸಾವಿರ ಮೀಟರಿನವರೆಗೆ, ಜಗತ್ತಿನ ಅತಿ ದೊಡ್ಡ ಉಸಿರುಗಟ್ಟಿದ ವಲಯಗಳಲ್ಲೊಂದು ಇದೆ. ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಅಂಥ ನೀರು ದಡದ ತೀರ ಹತ್ತಿರದ ತಳವನ್ನು ಆವರಿಸುತ್ತದೆ, ಮೇಲೆ ಹೊಳೆಗಳ ಸಿಹಿನೀರು ಮುಚ್ಚಳದಂತೆ ಕೂತಿರುತ್ತದೆ. 1999ರಲ್ಲಿ ಗೋವಾದ ಕಡಲಿನಲ್ಲಿ ತಳದ ಆಮ್ಲಜನಕ ಪೂರ್ತಿ ಮುಗಿದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕಾಣಿಸಿಕೊಂಡಿದ್ದನ್ನು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಾಜಿಹ್ ನಕ್ವಿ ಮತ್ತು ಸಂಗಡಿಗರು ದಾಖಲಿಸಿದ್ದರು. ಹೆಚ್ಚಾದಷ್ಟೂ ಒಳ್ಳೆಯದು ಅನ್ನುವವರಿಗೆ ಇದು ಮೊದಲ ಎಚ್ಚರಿಕೆ. ಯಾರೂ ತಿನ್ನದೆ ಉಳಿದ ಹಸಿರು ಕೆಳಗೆ ಬಿದ್ದು ಕೊಳೆಯುತ್ತದೆ, ಕೊಳೆಯುವಾಗ ಉಸಿರು ಕಸಿಯುತ್ತದೆ.

ತಿನ್ನುವವರಲ್ಲಿ ಮುಖ್ಯ ನಮ್ಮ ಬೂತಾಯಿ. ಮಲಯಾಳದವರ ಮತ್ತಿ, ಉತ್ತರಕನ್ನಡದವರ ತಾರಲೆ. ಅದರ ಕಿವಿರು ತೆರೆದರೆ ಒಳಗೆ ಹೇನಿನ ಹಣಿಗೆಗಿಂತ ನಯವಾದ ಹಲ್ಲುಸಾಲು ಕಾಣುತ್ತದೆ. ಬಾಯಿ ತೆರೆದು ಈಜುತ್ತಿದ್ದರೆ ನೀರು ಸೋಸಿ ಹೋಗುತ್ತದೆ, ಡಯಾಟಮ್ ಮತ್ತು ಸಣ್ಣಪುಟ್ಟ ಪ್ರಾಣಿಪ್ಲವಕ ಬಾಯೊಳಗೆ ಉಳಿಯುತ್ತದೆ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1920ರ ದಶಕದ ಆರಂಭಕ್ಕೆ, ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಬೂತಾಯಿಯ ಹೊಟ್ಟೆಯಲ್ಲಿ ಏನಿದೆ, ಅದೇ ವೇಳೆ ನೀರಿನಲ್ಲಿ ಏನಿದೆ ಎಂದು ತಾಳೆ ನೋಡಿದ್ದರು. ಆಗ ಬೂತಾಯಿಯ ಎಣ್ಣೆ ತೆಗೆದು ಉಳಿದದ್ದನ್ನು ತೋಟಗಳಿಗೆ ಗೊಬ್ಬರ ಮಾಡುವುದು ಈ ಕರಾವಳಿಯ ದೊಡ್ಡ ಉದ್ಯಮವಾಗಿತ್ತು. ಹಾಗಾಗಿ ಗುಡ್ಡದಿಂದ ಕಡಲಿಗೆ ಹೋದದ್ದು ಬುಟ್ಟಿಯಲ್ಲಿ ತೆಂಗಿನ ಬುಡಕ್ಕೆ ವಾಪಸಾಗುತ್ತಿತ್ತು ಅನ್ನಬಹುದು. 1955ರಲ್ಲಿ ಆರ್.ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಇನ್ನೂ ಮುಂದೆ ಹೋಗಿ ಒಂದೇ ಡಯಾಟಮ್‌ನತ್ತ ಬೊಟ್ಟು ಮಾಡಿದರು: ಫ್ರಾಜಿಲೇರಿಯಾ ಓಷಿಯಾನಿಕಾ. ರಿಬ್ಬನ್ನಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ತೇಲುವ ಈ ಜಾತಿ ಹೇರಳವಾಗಿದ್ದರೆ ಬೂತಾಯಿಯೂ ಹೇರಳ ಎಂದು ಅವರ ವಾದ. ಆಮೇಲಿನ ವರ್ಷಗಳಲ್ಲಿ ಈ ಲೆಕ್ಕ ಯಾವಾಗಲೂ ಸರಿಬರಲಿಲ್ಲ, ಕಡಲು ಅಷ್ಟು ಸರಳವಲ್ಲ. ಆದರೂ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಎಷ್ಟು ಹಸಿರು ಎಂದಲ್ಲ, ಯಾವ ಹಸಿರು ಎಂದು ಅವರು ಕೇಳಿದ್ದರು. ಒಂದು ಒರಟು ಲೆಕ್ಕ ಹಾಕೋಣ. ತಿನ್ನುವ ಪ್ರತಿ ಹಂತದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸೋರಿಹೋಗುತ್ತದೆ. ನೂರು ಕಿಲೋ ಡಯಾಟಮನ್ನು ಬೂತಾಯಿ ನೇರವಾಗಿ ತಿಂದರೆ ಹತ್ತು ಕಿಲೋ ಮೀನು. ಅದೇ ನೂರು ಕಿಲೋ ಪ್ರೋಕ್ಲೋರೋಕಾಕಸ್ ಆಗಿದ್ದರೆ ಬೂತಾಯಿಯ ಜರಡಿಯಲ್ಲಿ ಅದು ನಿಲ್ಲುವುದೇ ಇಲ್ಲ. ಅದನ್ನೊಂದು ಏಕಕೋಶಜೀವಿ ತಿನ್ನಬೇಕು, ಅದನ್ನು ಇನ್ನೊಂದು, ಅದನ್ನು ಕೋಪಿಪಾಡ್ ಎಂಬ ಕಡಲ ಚಿಗಟ, ಆಮೇಲೆ ಮೀನು. ಕೊನೆಗೆ ಕೈಗೆ ಬರುವುದು ಹತ್ತು ಗ್ರಾಂ. ಅಮೆರಿಕದ ಜಾನ್ ರೈದರ್ 1969ರಲ್ಲಿ ಇದೇ ತರ್ಕದಿಂದ, ನೀರು ಮೇಲೇರುವ ಪುಟ್ಟ ವಲಯಗಳು ಜಗತ್ತಿನ ಅರ್ಧದಷ್ಟು ಮೀನು ಕೊಡುತ್ತವೆ ಎಂದಿದ್ದ. ಅವನ ಅಂಕಿಗಳ ಬಗ್ಗೆ ಆಗಲೇ ತಕರಾರು ಎದ್ದಿತ್ತು, ತರ್ಕ ಮಾತ್ರ ನಿಂತಿದೆ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ. ಬೂತಾಯಿ ಕಾಣೆಯಾದದ್ದು ನಮ್ಮ ಬಲೆಗಳಿಂದ, ಅದಕ್ಕೆ ಪ್ಲಾಂಕ್ಟನ್ನಿನ ನೆಪ ಯಾಕೆ? ಅಂಕಿಗಳು ನಿಜಕ್ಕೂ ದಿಗಿಲು ಹುಟ್ಟಿಸುತ್ತವೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ ಸುಮಾರು 4 ಲಕ್ಷ ಟನ್, 2021ರಲ್ಲಿ 3,297 ಟನ್. ನೂರರಲ್ಲಿ ಒಂದು ಪಾಲೂ ಇಲ್ಲ. ಮರಿಮೀನುಗಳನ್ನು ಬಲೆಗಟ್ಟಲೆ ಎತ್ತಿದ್ದು ಇದರಲ್ಲಿ ದೊಡ್ಡ ಪಾಲುದಾರ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಬಲೆಯೊಂದರಿಂದಲೇ ಎಲ್ಲವನ್ನೂ ವಿವರಿಸಲು ಹೊರಟರೆ 1940ರ ದಶಕ ಅಡ್ಡ ಬರುತ್ತದೆ. ಆಗ ಟ್ರಾಲರ್ ಇರಲಿಲ್ಲ, ನೈಲಾನ್ ಬಲೆ ಇರಲಿಲ್ಲ, ಇಂಜಿನ್ ಕೂಡಿಸಿದ ದೋಣಿ ಇರಲಿಲ್ಲ. ಆದರೂ ಬೂತಾಯಿ ಈ ಕರಾವಳಿಯಿಂದ ವರ್ಷಗಳ ಕಾಲ ಹೆಚ್ಚುಕಡಿಮೆ ಮಾಯವಾಗಿತ್ತು. 2022ರಲ್ಲಿ ಅದೇ ಕೇರಳದ ಹಿಡುವಳಿ ಮತ್ತೆ ಒಂದು ಲಕ್ಷ ಟನ್ ದಾಟಿತು, ಬಲೆಗಳೇನೂ ಆ ವರ್ಷ ಕಡಿಮೆಯಾಗಿರಲಿಲ್ಲ. ಬೂತಾಯಿಯ ಆಯಸ್ಸು ಎರಡು ಎರಡೂವರೆ ವರ್ಷ. ಮಳೆಗಾಲದಲ್ಲಿ ಮೊಟ್ಟೆ ಒಡೆದ ಮರಿಗೆ ಮೊದಲ ಕೆಲವು ವಾರ ಬಾಯಿಗೆ ಹಿಡಿಸುವ ಗಾತ್ರದ ತಿಂಡಿ ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೆ ಆ ವರ್ಷದ ಭವಿಷ್ಯ ನಿಲ್ಲುತ್ತದೆ. 2015ರ ಎಲ್ ನಿನೊ ಕಡಲನ್ನು ಬಿಸಿಮಾಡಿ ಹಸಿರಿನ ವೇಳಾಪಟ್ಟಿಯನ್ನೇ ಕೆಡಿಸಿದಾಗ ಬಲೆ ಕೊಟ್ಟ ಪೆಟ್ಟು ಇಮ್ಮಡಿಯಾಗಿ ಬಿತ್ತು. ತಿಂಡಿ ಸರಿಯಿದ್ದ ವರ್ಷ ಬಲೆಯನ್ನು ತಾಳಿಕೊಳ್ಳುವ ಮೀನು, ತಿಂಡಿ ತಪ್ಪಿದ ವರ್ಷ ತಾಳಿಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಚುರುಕಾದದ್ದು. ಕಡಲಿನಲ್ಲಿ ಲಕ್ಷಾಂತರ ಬಗೆಯ ಪ್ಲಾಂಕ್ಟನ್ ಇದೆ ಅನ್ನುತ್ತೀರಿ. ಒಂದು ಹೋದರೆ ಇನ್ನೊಂದು ಆ ಕೆಲಸ ಮಾಡುವುದಿಲ್ಲವೇ? 2009ರಿಂದ 2013ರವರೆಗೆ ಜಗತ್ತಿನ ಕಡಲು ಸುತ್ತಿದ ತಾರಾ ಎಂಬ ಫ್ರೆಂಚ್ ಹಾಯಿಹಡಗಿನ ಮಾದರಿಗಳಿಂದ ಡಿಎನ್‌ಎ ಓದಿದಾಗ, ಕೋಶಕೇಂದ್ರ ಇರುವ ಪ್ಲಾಂಕ್ಟನ್ನಿನಲ್ಲೇ ಸುಮಾರು ಒಂದೂವರೆ ಲಕ್ಷ ಬಗೆಗಳಿರಬಹುದು ಎಂಬ ಅಂದಾಜು ಸಿಕ್ಕಿತು. ಅದುವರೆಗೆ ಹೆಸರು ಪಡೆದಿದ್ದವು ಹನ್ನೊಂದು ಸಾವಿರದ ಸುಮಾರು. ಇಷ್ಟು ಜನ ಒಂದೇ ನೀರಿನಲ್ಲಿ, ಅದೇ ನಾಲ್ಕೈದು ಗೊಬ್ಬರಗಳಿಗೆ ಕಿತ್ತಾಡುತ್ತಾ ಹೇಗೆ ಬದುಕಿದ್ದಾರೆ, ಗೆದ್ದವನೊಬ್ಬ ಎಲ್ಲರನ್ನೂ ಯಾಕೆ ಮುಗಿಸಿಲ್ಲ ಎಂದು ಎವೆಲಿನ್ ಹಚಿನ್ಸನ್ 1961ರಲ್ಲೇ ಕೇಳಿ, ಅದನ್ನು ಪ್ಲಾಂಕ್ಟನ್ನಿನ ವಿರೋಧಾಭಾಸ ಎಂದು ಕರೆದಿದ್ದ. ಅವನೇ ಹುಡುಕಿದ ಒಂದು ಉತ್ತರ: ಯಾರಾದರೂ ಗೆಲ್ಲುವ ಮೊದಲೇ ಕಡಲು ಆಟದ ನಿಯಮ ಬದಲಿಸುತ್ತದೆ. ಇಂದು ಬಿಸಿ, ನಾಳೆ ತಂಪು, ಇಂದು ಸಿಲಿಕಾ, ನಾಳೆ ಬರ. ಜೊತೆಗೆ ಯಾರು ಹೆಚ್ಚಾದರೋ ಅವರನ್ನೇ ಹುಡುಕಿ ಹೊಡೆಯುವ ವೈರಸ್‌ಗಳು, ಆರಿಸಿ ತಿನ್ನುವ ಕೋಪಿಪಾಡ್‌ಗಳು. ಎರಡು ಮಿಲಿಮೀಟರೂ ಇಲ್ಲದ ಈ ಕೋಪಿಪಾಡ್‌ನ ಗಾತ್ರದಲ್ಲಿ ನೀರು ನಮಗೆ ಜೇನುತುಪ್ಪ ಇದ್ದ ಹಾಗೆ. ಅದು ಕಾಲಾಡಿಸಿ ಸೆಳೆದ ಕಣವನ್ನು ಬಾಯಿಯ ಹತ್ತಿರ ತಂದು, ರುಚಿ ನೋಡಿ, ಬೇಡವಾದರೆ ಆಚೆ ತಳ್ಳುತ್ತದೆ. ಹಾಗಾಗಿ ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ ಅನ್ನುವುದು ನಿಜ. ಬೆಳಕು ಹಿಡಿದು ಸಕ್ಕರೆ ಮಾಡುವ ಕೆಲಸ ನಿಲ್ಲುವುದಿಲ್ಲ. ಆದರೆ ಬಂದವರು ಮೀನಿನ ಬಾಯಿಗೆ ಸಿಗುತ್ತಾರೋ, ಭಾರವಾಗಿ ತಳಕ್ಕಿಳಿದು ಇಂಗಾಲವನ್ನು ಒಯ್ಯುತ್ತಾರೋ, ವಿಷ ಕಕ್ಕುತ್ತಾರೋ ಅನ್ನುವುದು ಬೇರೆ ಬೇರೆ. ಅಡಕೆ ತೋಟದಲ್ಲಿ ಅಡಕೆ ಸತ್ತು ಕಮ್ಯುನಿಸ್ಟ್ ಪೊದೆ ಎಂಬ ಕಳೆ ಎದ್ದರೆ ಅದೂ ಹಸಿರೇ, ಮೇಲಿನಿಂದ ನೋಡುವವನಿಗೆ ವ್ಯತ್ಯಾಸ ಕಾಣಲಿಕ್ಕಿಲ್ಲ.

ಆಮ್ಲಜನಕದ ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡೋಣ. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಕಡಲಿನದು, ಆ ಕೆಲಸ ಮಾಡುವವರ ತೂಕ ಭೂಮಿಯ ಒಟ್ಟು ಸಸ್ಯರಾಶಿಯ ನೂರಕ್ಕೆ ಒಂದು ಪಾಲೂ ಇಲ್ಲ ಅನ್ನುವುದು ಸರಿ. ಆದರೆ ಎರಡು ಉಸಿರಿಗೊಂದು ಕಡಲಿನದ್ದು ಎಂಬ ಮಾತು ದಾರಿ ತಪ್ಪಿಸುತ್ತದೆ. ಪ್ಲಾಂಕ್ಟನ್ ಹೊರಬಿಟ್ಟ ಆಮ್ಲಜನಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅದನ್ನು ತಿನ್ನುವವರು, ಕೊಳೆಸುವವರು ಬಳಸಿಬಿಡುತ್ತಾರೆ. ಕಾಡಿನ ಲೆಕ್ಕವೂ ಹಾಗೆಯೇ. ನಾವು ಉಸಿರಾಡುತ್ತಿರುವುದು ಕೋಟಿಗಟ್ಟಲೆ ವರ್ಷಗಳಲ್ಲಿ ಕೊಳೆಯದೆ ಹೂತುಹೋದ ಪಾಲಿಗೆ ಪ್ರತಿಯಾಗಿ ಉಳಿದ ಹಳೆಯ ಉಳಿತಾಯ. ನಾಳೆ ಪ್ಲಾಂಕ್ಟನ್ ಅಳಿದರೆ ನಾಡಿದ್ದು ಉಸಿರುಕಟ್ಟುವುದಿಲ್ಲ, ಅದಕ್ಕೆ ಬಹಳ ಮೊದಲೇ ಊಟ ತಪ್ಪುತ್ತದೆ.

ಹಾಗಾದರೆ ಬೇರೆಯವರ ಹಸಿರು ಹೇಗಿರುತ್ತದೆ? ನಮ್ಮ ಕರಾವಳಿಯಲ್ಲೇ ಉದಾಹರಣೆಗಳಿವೆ. ಬೇಸಗೆಯಲ್ಲಿ ಗಾಳಿ ಸತ್ತು ಕಡಲು ಎಣ್ಣೆಯಂತೆ ಮಲಗಿದಾಗ, ಮರ ಕೊಯ್ದ ಹುಡಿಯ ಹಾಗೆ ಕಂದುಬಣ್ಣದ ಪಟ್ಟಿಗಳು ತೇಲುವುದುಂಟು. ಅದು ಟ್ರೈಕೋಡೆಸ್ಮಿಯಂ. ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರ ಮಾಡಿಕೊಳ್ಳಬಲ್ಲ ನೀಲಿಹಸಿರು ಬ್ಯಾಕ್ಟೀರಿಯಾ, ಕಡಲಿನ ಹುರುಳಿಗಿಡ ಅನ್ನಬಹುದು. ಮಂಗಳೂರಿನ ಎದುರು ಅದು ಅಸಾಧಾರಣವಾಗಿ ಹಬ್ಬಿದ್ದನ್ನು ವಿಜ್ಞಾನಿಗಳು 1965ರಲ್ಲೇ ಪ್ರಕಟಿಸಿದ್ದರು. ಇನ್ನೊಂದು ನಾಕ್ಟಿಲೂಕಾ. ಬರಿಗಣ್ಣಿಗೂ ಸಾಬಕ್ಕಿಯ ಚೂರಿನಂತೆ ಕಾಣುವ ಈ ಒಂಟಿ ಕೋಶ ಅಲುಗಿಸಿದರೆ ನೀಲಿಯಾಗಿ ಮಿನುಗುತ್ತದೆ. 2020ರ ನವೆಂಬರಿನಲ್ಲಿ ಉಡುಪಿ, ಮಂಗಳೂರು ಕಡೆಯ ಅಲೆಗಳು ರಾತ್ರಿ ಹೊಳೆದಾಗ ಜನ ಮೊಬೈಲ್ ಹಿಡಿದು ಓಡಿದ್ದು ನೆನಪಿರಬಹುದು. ಕೊಚ್ಚಿಯ ಹಿನ್ನೀರಿನವರು ಇಂಥ ಬೆಳಕಿಗೆ ಕವರು ಅನ್ನುತ್ತಾರೆ, ಕುಂಬಳಂಗಿ ನೈಟ್ಸ್ ಸಿನಿಮಾ ಅದನ್ನು ಮನೆಮಾತು ಮಾಡಿತು. ನೋಡಲು ಚಂದ. ಆದರೆ ನಾಕ್ಟಿಲೂಕಾ ಡಯಾಟಮ್‌ಗಳನ್ನೂ ಮೀನಿನ ಮೊಟ್ಟೆಗಳನ್ನೂ ನುಂಗುತ್ತದೆ, ಅದನ್ನು ಇಷ್ಟಪಟ್ಟು ತಿನ್ನುವುದು ಅಂಬಲಿಮೀನಿನಂಥವು. ಅರಬ್ಬೀ ಕಡಲಿನ ಉತ್ತರಭಾಗದಲ್ಲಿ, ಓಮಾನಿನಿಂದ ಗುಜರಾತಿನವರೆಗೆ, ಚಳಿಗಾಲದ ಡಯಾಟಮ್‌ಗಳ ಜಾಗವನ್ನು ಇದರ ಹಸಿರು ಬಗೆ ಕಳೆದ ಎರಡು ದಶಕಗಳಿಂದ ಹಿಡಿಯುತ್ತಿದೆ. ಆಮ್ಲಜನಕ ಕುಸಿದದ್ದೇ ಕಾರಣ ಎಂದು ಹೆಲ್ಗಾ ಗೋಮ್ಸ್ ಮತ್ತು ಜೋಕಿಂ ಗೋಯೆಸ್ 2014ರಲ್ಲಿ ವಾದಿಸಿದರು, ಅದನ್ನು ಒಪ್ಪದ ಭಾರತೀಯ ವಿಜ್ಞಾನಿಗಳೂ ಇದ್ದಾರೆ. ಮೂರನೆಯದು ಇನ್ನೂ ಹತ್ತಿರದ್ದು. 1983ರಲ್ಲಿ ಮಂಗಳೂರಿನ ಆಸುಪಾಸಿನ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಂದು ಸಾವಾಯಿತು. ಮಂಗಳೂರು ಮೀನುಗಾರಿಕಾ ಕಾಲೇಜಿನ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಅದು ಡೈನೋಫ್ಲಾಜೆಲೇಟ್ ಎಂಬ ಪ್ಲಾಂಕ್ಟನ್ನಿನ ನರವಿಷ ಎಂದು ಮರುವರ್ಷ ವರದಿ ಮಾಡಿದರು. ಮರುವಾಯಿ ನೀರು ಸೋಸಿ ತಿನ್ನುವುದರಿಂದ ವಿಷ ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಹಾಗೆಂದು ಡಯಾಟಮ್‌ಗಳೆಲ್ಲ ಸಾಧುಗಳು, ಉಳಿದವರೆಲ್ಲ ದುಷ್ಟರು ಎಂದೂ ಅಲ್ಲ. ಡಯಾಟಮ್‌ಗಳಲ್ಲೂ ವಿಷ ಮಾಡುವ ಕುಲವಿದೆ, ಟ್ರೈಕೋಡೆಸ್ಮಿಯಂ ಇಲ್ಲದಿದ್ದರೆ ಬೇಸಗೆಯ ಕಡಲು ಇನ್ನಷ್ಟು ಬಡವಾಗುತ್ತಿತ್ತು.

ಗೊಬ್ಬರದ ಪ್ರ‌ಶ್ನೆಗೆ ಉತ್ತರವನ್ನು ಭಾರತವೇ ಪಾಲುದಾರನಾಗಿ ನಿಂತು ಪರೀಕ್ಷಿಸಿದೆ. ಕಡಲಿಗೆ ಕಬ್ಬಿಣ ಸುರಿದರೆ ಪ್ಲಾಂಕ್ಟನ್ ಉಕ್ಕಿ, ಸತ್ತು ಮುಳುಗಿ, ಗಾಳಿಯ ಇಂಗಾಲವನ್ನು ತಳಕ್ಕೆ ಒಯ್ಯುತ್ತದೆ ಎಂಬ ಆಸೆ 1990ರ ದಶಕದಲ್ಲಿ ಬಲವಾಗಿತ್ತು. 2009ರ ಜನವರಿಯಿಂದ ಮಾರ್ಚ್‌ವರೆಗೆ ಗೋವಾದ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗನರ್ ಸಂಸ್ಥೆ ಸೇರಿ, ಪೋಲಾರ್‌ಸ್ಟರ್ನ್ ಹಡಗಿನಿಂದ, ದಕ್ಷಿಣ ಅಟ್ಲಾಂಟಿಕ್‌ನ 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಉಣಿಸಿದವು. ಹೆಸರೇ ಲೋಹಾಫೆಕ್ಸ್, ನಮ್ಮ ಲೋಹದಿಂದ ಹೊರಟದ್ದು. ಪರಿಸರದವರ ವಿರೋಧದಿಂದ ಆರಂಭದಲ್ಲಿ ತಡೆಯೂ ಬಿತ್ತು. ಎರಡು ವಾರದಲ್ಲಿ ಹಸಿರು ಇಮ್ಮಡಿಯಾಯಿತು, ಆದರೆ ಅಲ್ಲಿಗೇ ನಿಂತಿತು. ಆ ನೀರಿನಲ್ಲಿದ್ದ ಸಿಲಿಕಾವನ್ನು ಮೊದಲೇ ಬೇರೆ ಡಯಾಟಮ್‌ಗಳು ಮುಗಿಸಿದ್ದವು. ಗಾಜಿಲ್ಲದೆ ಡಯಾಟಮ್ ಏಳಲಿಲ್ಲ, ಎದ್ದದ್ದು ಮೃದುಮೈಯ ಸಣ್ಣ ಜೀವಿಗಳು. ಅವನ್ನು ಕೋಪಿಪಾಡ್‌ಗಳು ಮೇಯ್ದವು, ಕೋಪಿಪಾಡ್‌ಗಳನ್ನು ಅವಕ್ಕಿಂತ ದೊಡ್ಡ ಕವಚಜೀವಿಗಳು ಹಿಡಿದವು, ತಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ಅಷ್ಟು ದೊಡ್ಡ ಪ್ರಯೋಗ ಕೊಟ್ಟ ಪಾಠ ಅಡಕೆ ಬೆಳೆಯುವವರಿಗೆ ಹೊಸದಲ್ಲ. ಒಂದು ಗೊಬ್ಬರ ಕೊರತೆಯಿದ್ದಾಗ ಇನ್ನೊಂದನ್ನು ಎಷ್ಟು ಸುರಿದರೂ ಬೇಕಾದ ಬೆಳೆ ಬರುವುದಿಲ್ಲ, ಕಳೆ ಬರಬಹುದು.

ಅದೇ ಪ್ರಯೋಗವನ್ನು ನಾವು ಗೊತ್ತಿಲ್ಲದೆಯೇ ಅಳಿವೆಗಳಲ್ಲಿ ಮಾಡುತ್ತಿದ್ದೇವೆ. ಯೂರಿಯಾ ಮೂಟೆಯಲ್ಲಿ ಸಿಲಿಕಾ ಇಲ್ಲ, ಚರಂಡಿ ನೀರಿನಲ್ಲೂ ಹೇಳಿಕೊಳ್ಳುವಷ್ಟು ಇಲ್ಲ. ಎರಡೂ ಸಾರಜನಕ ಮತ್ತು ರಂಜಕವನ್ನು ಮಾತ್ರ ಹೊಳೆಗೆ ಸೇರಿಸುತ್ತವೆ. ಇನ್ನೊಂದು ಕಡೆ ಅಣೆಕಟ್ಟು ಕಟ್ಟಿದರೆ ನಿಂತ ನೀರಿನ ಡಯಾಟಮ್‌ಗಳೇ ಸಿಲಿಕಾವನ್ನು ಹಿಡಿದು ಹೂಳಿನಲ್ಲಿ ಹೂತುಬಿಡುತ್ತವೆ. ಯುರೋಪಿನ ಡ್ಯಾನ್ಯೂಬ್ ನದಿಗೆ 1970ರ ದಶಕದ ಆರಂಭದಲ್ಲಿ ಐರನ್ ಗೇಟ್ಸ್ ಅಣೆಕಟ್ಟು ಬಂದ ಮೇಲೆ ಕಪ್ಪು ಸಮುದ್ರಕ್ಕೆ ಹೋಗುವ ಸಿಲಿಕಾ ಮೂರನೇ ಎರಡು ಪಾಲು ಕುಸಿದಿತ್ತು ಎಂದು 1997ರಲ್ಲಿ ಕ್ರಿಸ್ಟೋಫ್ ಹಂಬೋರ್ಗ್ ತಂಡ ತೋರಿಸಿತು. ಅಲ್ಲಿ ಡಯಾಟಮ್‌ಗಳ ಜಾಗಕ್ಕೆ ಗಾಜು ಬೇಡದವರು ಬಂದರು. ಕಾಸರಗೋಡಿನ ಹೊಳೆಗಳು ಡ್ಯಾನ್ಯೂಬ್ ಅಲ್ಲ, ನಮ್ಮ ಹೊರಕಡಲಿನ ಮಳೆಗಾಲದ ಹಸಿರನ್ನು ಆಳುವುದು ತಳದಿಂದ ಏರುವ ನೀರೇ ಹೊರತು ತೋಟದ ಗೊಬ್ಬರವಲ್ಲ. ಇದನ್ನು ಮರೆತು ಎಲ್ಲ ತಪ್ಪನ್ನೂ ರೈತನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಅಳಿವೆ ಮತ್ತು ದಡದಂಚಿನ ನೀರಿನ ಮಾತು ಬೇರೆ. ಮರುವಾಯಿ ಬೆಳೆಯುವುದು, ಮೀನಿನ ಮರಿಗಳು ಕಣ್ಣುಬಿಡುವುದು ಅಲ್ಲೇ. ಇದನ್ನು ಕಾಯಲು ಉಪಗ್ರಹ ಸಾಲದು. 1999ರ ಓಷನ್‌ಸ್ಯಾಟ್‌ನಿಂದ ಹಿಡಿದು ಇಂದಿನವರೆಗೆ ನಮ್ಮ ಉಪಗ್ರಹಗಳು ಕಡಲಿನ ಬಣ್ಣ ಅಳೆಯುತ್ತಿವೆ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದನ್ನೂ ನೀರಿನ ಬಿಸಿಯನ್ನೂ ನೋಡಿ ಮೀನು ಸಿಗಬಹುದಾದ ಜಾಗವನ್ನು ಬಂದರುಗಳಿಗೆ ತಿಳಿಸುತ್ತದೆ. ಒಳ್ಳೆಯ ಸೇವೆ. ಆದರೆ ಅಳಿವೆಗಳಲ್ಲಿ ಯಾರ ಹಸಿರು ಎದ್ದಿದೆ ಎಂದು ಹೇಳಲು ಒಬ್ಬರು ಬಲೆ ಎಳೆದು, ಹನಿ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗಂಟೆಗಟ್ಟಲೆ ಎಣಿಸಲೇಬೇಕು. ಹಾರ್ನೆಲ್ ಕಾಲದ ಆ ಬೇಸರದ ಕೆಲಸಕ್ಕೆ ಇಂದು ಹಣವೂ ಕಡಿಮೆ, ಗೌರವವೂ ಕಡಿಮೆ. ತೆಂಗಿಗೆಂದು 1916ರಲ್ಲೇ ಕಾಸರಗೋಡಿನಲ್ಲಿ ಸಂಶೋಧನಾ ಕೇಂದ್ರ ತೆರೆದ ನಾಡಿನಲ್ಲಿ, ಕಡಲಿನ ಈ ತೋಟಕ್ಕೂ ಕಾಯಂ ಲೆಕ್ಕಪತ್ರ ಇರಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ.

ಕೊನೆಯದಾಗಿ, ಬೂತಾಯಿ ಪ್ಲಾಂಕ್ಟನ್ನಿನ ಋಣದಲ್ಲಿರುವಷ್ಟೇ ಪ್ಲಾಂಕ್ಟನ್ ಕೂಡ ಬೂತಾಯಿಯ ಕಾವಲಿನಲ್ಲಿದೆ. ಆಫ್ರಿಕಾದ ನಮೀಬಿಯಾದಲ್ಲೂ ನಮ್ಮಲ್ಲಿಯ ಹಾಗೆ ನೀರು ತಳದಿಂದ ಏರುತ್ತದೆ, ಡಯಾಟಮ್ ಉಕ್ಕುತ್ತದೆ. ಅಲ್ಲಿ 1960, 70ರ ದಶಕಗಳಲ್ಲಿ ಬೂತಾಯಿಯ ಸೋದರಸಂಬಂಧಿಯನ್ನು ಹಿಡಿದು ಹಿಡಿದು ಮುಗಿಸಿದರು. ಮೇಯುವವರಿಲ್ಲದೆ ಉಳಿದ ಹಸಿರು ತಳದಲ್ಲಿ ಕೊಳೆತು ವಿಷಾನಿಲ ಉಗುಳುವುದಕ್ಕೆ ಇದೂ ಒಂದು ಕಾರಣ ಎಂದು ಆಂಡ್ರೂ ಬಾಕುನ್ ಮತ್ತು ಸ್ಕಾರ್ಲಾ ವೀಕ್ಸ್ 2004ರಲ್ಲಿ ವಾದಿಸಿದರು. ಮೀನಿನ ಜಾಗಕ್ಕೆ ಅಲ್ಲಿ ಅಂಬಲಿಮೀನು ಬಂತು, ಮೀನು ಇನ್ನೂ ಹಿಂದಿರುಗಿಲ್ಲ. ಅರಬ್ಬೀ ಕಡಲಿನ ತಳದಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಮಳೆಯನ್ನಾಗಲೀ ಎಲ್ ನಿನೊವನ್ನಾಗಲೀ ನೆಕ್ರಾಜೆಯಲ್ಲಿ ಕೂತು ನಿಲ್ಲಿಸಲಾಗದು. ಮೀನಿನ ಪೆಟ್ಟಿಗೆ ಮಾತ್ರ ಮನೆಬಾಗಿಲಿಗೇ ಬರುತ್ತದೆ. ಕೇರಳದಲ್ಲಿ 2015ರಿಂದ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವುದಕ್ಕೆ ನಿಷೇಧವಿದೆ. ಹತ್ತು ಸೆಂಟಿಮೀಟರ್ ಅಂದರೆ ಮಣಿಕಟ್ಟಿನಿಂದ ಬೆರಳ ಬುಡದವರೆಗೆ, ಹೆಚ್ಚುಕಡಿಮೆ ಒಂದು ಅಂಗೈ. ಅಷ್ಟುದ್ದ ಇಲ್ಲದ ಮೀನು ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ.